ತಜ್ಞರ ಮನೆಯಲ್ಲಿ ನಲವತ್ತೆಂಟು ದಿನ

ನಮ್ಮ ಮನೆಯ ಬಾಗಿಲಿಗೆ ನೀಲಿ ಬೋರ್ಡು ಹದಿನಾಲ್ಕನೆಯ ಸಲ ಬಂದಾಗ ನಾನು ಹಿತ್ತಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಪಟ್ಟಣ ಸಭೆಯ ದಫೇದಾರ ಜವರಯ್ಯ ಬಾಗಿಲ ಬಳಿ ನಿಂತು ಕೆಮ್ಮುವ ರೀತಿಯೇ ನನಗೆ ಗುರುತು. ಸೊಪ್ಪಿನ ಮೊರ ಕೆಳಗಿಟ್ಟು ಹೊರಗೆ ಬಂದೆ. ಅವನು ಮುಖ ಸಣ್ಣದು ಮಾಡಿಕೊಂಡು, "ಅಮ್ಮಾವ್ರೇ, ಹಳೇ ಮೊಳೆ ಇನ್ನೂ ಗಟ್ಟಿಯಾಗಿದೆ, ಅದಕ್ಕೇ ನೇತಾಕ್ಲಾ?" ಎಂದ. ಹಾಕಪ್ಪ, ಆ ಮೊಳೆಗೂ ಅಭ್ಯಾಸವಾಗಿದೆ, ನನಗೂ ಅಭ್ಯಾಸವಾಗಿದೆ ಎಂದೆ. ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ 'ತಜ್ಞರ ಮನೆ, ಪ್ರಯೋಗ ನಡೆಯುತ್ತಿದೆ' ಎಂದು ಬರೆದಿತ್ತು.

ನಮ್ಮೂರಲ್ಲಿ ಯಾವ ಕಾನೂನೇ ಆಗಲಿ, ಅದನ್ನು ಮಾಡಿ ಎಂದು ಹೇಳಿದವರ ಮನೆಯಲ್ಲಿ ಮೊದಲು ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ನಡೆಯಬೇಕು. ನಡೆದು ಚೆನ್ನಾಗಿದ್ದರೆ ಊರಿಗೆ ಬರುತ್ತದೆ, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಇಬ್ಬರು ಸಾಕ್ಷಿಗಳ ಎದುರು ಯಾರಾದರೂ ಊರಿನ ವಿಷಯದಲ್ಲಿ 'ಹೀಗೆ ಮಾಡಬೇಕು' ಎಂದು ಬಾಯಿಬಿಟ್ಟರೆ ಸಾಕು, ಅವರೇ ಆ ವಿಷಯದ ತಜ್ಞರು. ಸಂಜೆಯೊಳಗೆ ಜವರಯ್ಯ ಬೋರ್ಡು ಹಿಡಿದು ಹೊರಟಿರುತ್ತಾನೆ. ಹೀಗಾಗಿ ನಮ್ಮೂರಿನ ಹೋಟೆಲಿನಲ್ಲಾಗಲಿ ಕ್ಷೌರದಂಗಡಿಯಲ್ಲಾಗಲಿ ಯಾರೂ ಅಭಿಪ್ರಾಯ ಹೇಳುವುದಿಲ್ಲ, ಎಲ್ಲರೂ ಪ್ರಶ್ನೆ ಕೇಳುತ್ತಾರೆ. "ಸಂತೆನ ಭಾನುವಾರಕ್ಕೆ ಹಾಕಿದ್ರೆ ಏನಾಗುತ್ತೋ ಏನೋ, ಅಲ್ವಾ?" ಎಂದು ಒಬ್ಬ ಕೇಳಿದರೆ, "ನನಗೇನ್ ಗೊತ್ತು, ನಿನಗೇನಾದ್ರೂ ಗೊತ್ತಾ?" ಎಂದು ಇನ್ನೊಬ್ಬ. ಇಡೀ ಊರಿಗೆ ಊರೇ ತನಗೇನೂ ಗೊತ್ತಿಲ್ಲವೆಂದು ಆಣೆ ಇಟ್ಟುಕೊಂಡು ಬದುಕುತ್ತಿದೆ.

ಹೀಗಿರುವ ಊರಲ್ಲಿ ಬಾಯಿ ನಿಲ್ಲದ ಒಬ್ಬರೇ ಒಬ್ಬರೆಂದರೆ ನಮ್ಮ ಯಜಮಾನರು, ಶಿವನಂಜಯ್ಯನವರು. ದೂರದ ಊರಿನ ಕಾಲೇಜಿನಲ್ಲಿ ದೇಶದೇಶಗಳ ವ್ಯವಹಾರವನ್ನೇ ವಿಷಯವಾಗಿ ತೆಗೆದುಕೊಂಡು ಓದಿ ಬಂದವರು. ಮೂರು ಬೀರು ತುಂಬ ಪುಸ್ತಕ. ತಿಳಿದಿದ್ದನ್ನು ಹೇಳದೆ ಇದ್ದರೆ ಇವರಿಗೆ ಅನ್ನ ಅರಗುವುದಿಲ್ಲ. ಒಂದು ಸಲ ಬೀದಿಗಳಲ್ಲಿ ಏಕಮುಖ ಸಂಚಾರ ತರಬೇಕು ಎಂದುಬಿಟ್ಟರು. ಆ ನಲವತ್ತೆಂಟು ದಿನ ನಮ್ಮ ಮನೆಯಲ್ಲಿ ಪಡಸಾಲೆಯಿಂದ ಅಡುಗೆಮನೆಗೆ ಹೋಗಬಹುದಿತ್ತೇ ಹೊರತು ಅಡುಗೆಮನೆಯಿಂದ ಪಡಸಾಲೆಗೆ ಬರುವ ಹಾಗಿರಲಿಲ್ಲ. ಸಾರಿನ ಪಾತ್ರೆ ಹಿಡಿದು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿ, ಮುಂಬಾಗಿಲಿನಿಂದ ಒಳಗೆ ಬಂದು ಬಡಿಸುತ್ತಿದ್ದೆ. ಓಣಿಯವರು ನನ್ನ ಸಾರಿನ ವಾಸನೆಯ ಮೇಲೆ ಹೊತ್ತು ಹೇಳುತ್ತಿದ್ದರು. ಇವರು ವರದಿಯಲ್ಲಿ 'ಸಂಚಾರ ಸುಗಮ, ಸಾರು ತಣ್ಣಗೆ' ಎಂದು ಬರೆದರು. ಕಾನೂನು ಬಿದ್ದುಹೋಯಿತು.

ಹಾಗೆಂದು ಇವರದು ಬರೀ ಹುಚ್ಚಾಟವೆಂದು ನಾನು ಹೇಳುವುದಿಲ್ಲ. ಊರಿನ ಚರಂಡಿಯ ಇಳಿಜಾರು ತಪ್ಪಿದೆ ಎಂದು ಮೊದಲು ಕಂಡುಹಿಡಿದವರು ಇವರೇ. ಅದಕ್ಕೆ ನಮ್ಮ ಬಚ್ಚಲು ಅಗೆದು, ಅಡುಗೆಮನೆ ಅಗೆದು, ನಾನು ಒಂದು ಮಂಡಲ ಹಲಗೆ ಮೇಲೆ ನಡೆದಾಡಿದೆ. ಆದರೆ ಆ ವರ್ಷದಿಂದ ಕೆಳಗಿನ ಕೇರಿಯ ಮನೆಗಳಿಗೆ ನೀರು ನುಗ್ಗಿಲ್ಲ. ಆ ಕೇರಿಯ ಹೆಂಗಸರು ಇವತ್ತಿಗೂ ಇವರನ್ನು ಕಂಡರೆ ಸೆರಗು ಹೊದ್ದು ನಿಲ್ಲುತ್ತಾರೆ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ನನಗೆ ಇವರ ಮೇಲೆ ನೂರು ಸಿಟ್ಟಿರಲಿ, ಇವರು ವರದಿಯಲ್ಲಿ ಸುಳ್ಳು ಬರೆದ ಮನುಷ್ಯರಲ್ಲ.

ಹದಿನಾಲ್ಕನೆಯ ಬೋರ್ಡು ಬಂದದ್ದು ಒಂದು ಕಾಗದದಿಂದ. ನಮ್ಮೂರಿನ ಅಂಚಿನಲ್ಲಿ ಹೊಳೆ, ಹೊಳೆಗೆ ಒಂದು ಸೇತುವೆ, ಆಚೆಗೆ ಬೇರೆ ದೇಶ. ಸೇತುವೆಯ ಕಂಬಿಗೆ ಯಾವ ಬಣ್ಣ ಹೊಡೆಸೋಣ ಎಂದು ಕೇಳಿ ಆಚೆಯವರು ಪಟ್ಟಣ ಸಭೆಗೆ ಮರ್ಯಾದೆಯಿಂದಲೇ ಬರೆದಿದ್ದರು. ಆದರೆ ಮೊದಲ ಸಾಲಿನಲ್ಲಿ 'ಎದುರು ದಡದ ಮಾನ್ಯರಿಗೆ' ಎಂದಿತ್ತು. ಸಭೆಯ ಅಧ್ಯಕ್ಷ ಗುರುಬಸಪ್ಪನವರು ಅಲ್ಲಿಗೇ ಓದುವುದನ್ನು ನಿಲ್ಲಿಸಿದರಂತೆ. "ನಮ್ಮ ತಾತ ಮುತ್ತಾತನ ಕಾಲದಿಂದ ನಾವು ಈ ದಡದಲ್ಲೇ ಇದೀವಿ. ಎದುರಿಗಿರೋರು ಅವ್ರು. ನಮ್ಮನ್ನ ಎದುರು ದಡ ಅಂತಾರಲ್ಲ, ಎಷ್ಟಿರಬೇಕು ಇವ್ರಿಗೆ?" ಎಂದು ಮೇಜು ಗುದ್ದಿದರಂತೆ. ಸಭೆಗೆ ನಾನು ಹೋಗಿರಲಿಲ್ಲ. ಅಲ್ಲಿ ನಡೆದದ್ದನ್ನು ಇವರೇ ಮನೆಗೆ ಬಂದು ಮೂರು ಸಲ ಆಡಿ ತೋರಿಸಿದರು.

ಎಲ್ಲರೂ ಪ್ರಶ್ನೆ ಕೇಳುತ್ತಾ ಕೂತಿದ್ದಾಗ ಇವರು ಎದ್ದು ನಿಂತರಂತೆ. "ಸೇತುವೆ ಮುಚ್ಚಿಬಿಡಬೇಕು. ಕೊಡೋದು ತಗೊಳ್ಳೋದು ಪೂರ್ತಿ ನಿಂತ್ರೆ, ಯಾರಿಗೆ ಹೆಚ್ಚು ಬೇಕೋ ಅವರು ಒಂದು ತಿಂಗಳಲ್ಲಿ ಸೋತು ಬರ್ತಾರೆ. ಆಚೆಯೋರು ಕ್ಷಮಾಪಣೆ ಬರೆದುಕೊಡ್ತಾರೆ, ಬೇಕಾದ್ರೆ ನೋಡಿ. ಇದು ನನ್ನ ಸ್ವಂತ ಮಾತಲ್ಲ, ಪ್ರಪಂಚದಲ್ಲಿ ನಡೆದಿರೋದು" ಎಂದರಂತೆ. ಗುರುಬಸಪ್ಪನವರು ಖುಷಿಯಾಗಿ, ಪ್ರಯೋಗ ಯಶಸ್ವಿಯಾದರೆ ಇವರನ್ನು ರಾಜಧಾನಿಯಲ್ಲಿ ನಡೆಯುವ ದೇಶದೇಶಗಳ ತಜ್ಞರ ಸಮ್ಮೇಳನಕ್ಕೆ ಕಳಿಸುವುದಾಗಿ ಮಾತು ಕೊಟ್ಟರು. ಇವರು ಬರುವ ದಾರಿಯಲ್ಲೇ ದರ್ಜಿಯ ಹತ್ತಿರ ಕೋಟಿಗೆ ಅಳತೆ ಕೊಟ್ಟು ಬಂದಿದ್ದರು.

ನಾನು ಕೋಟಿನ ಸುದ್ದಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ನಮಗಿರುವುದು ಒಬ್ಬಳೇ ಮಗಳು, ದಾಕ್ಷಾಯಿಣಿ. ಅವಳನ್ನು ಕೊಟ್ಟಿರುವುದು ಹೊಳೆಯಾಚೆಗೆ. ಅವಳಿಗೆ ಆಗತಾನೆ ಎಂಟು ತಿಂಗಳು ಬಿದ್ದಿತ್ತು. ಎಂಟರಲ್ಲಿ ಹೊಳೆ ದಾಟಿಸಬಾರದೆಂದು ನಮ್ಮ ಬೀಗಿತ್ತಿ ಹಠ ಹಿಡಿದಿದ್ದರಿಂದ ಒಂಬತ್ತಕ್ಕೆ ಕರೆತರುವುದೆಂದು ಮಾತಾಗಿತ್ತು.

"ರೀ, ದಾಕ್ಷಿ ಗತಿ ಏನು?" ಎಂದೆ.

"ಅವಳು ಬರೋದು ಒಂಬತ್ತಕ್ಕೆ ತಾನೇ? ಅಷ್ಟೊತ್ತಿಗೆ ಆಚೆಯೋರು ಸೋತಿರ್ತಾರೆ. ಸೇತುವೆ ಮುಚ್ಚೋ ಪ್ರಮೇಯವೇ ಬರಲ್ಲ."

"ಸೋಲ್ದೆ ಇದ್ರೆ?"

"ಸೋಲ್ದೆ ಇರೋಕೆ ಕಾರಣವೇ ಇಲ್ವಲ್ಲೇ. ಪುಸ್ತಕದಲ್ಲಿ ಸ್ಪಷ್ಟವಾಗಿದೆ."

"ನಿಮ್ಮ ಪುಸ್ತಕ ಬಂದು ಬಾಣಂತನ ಮಾಡುತ್ತಾ?"

ಇವರು ಕನ್ನಡಕ ತೆಗೆದು ಒರೆಸಿಕೊಂಡು, "ನೀತಿ ಬೇರೆ, ಮನೆ ಬೇರೆ ಕಣೇ" ಎಂದರು. ಬಾಗಿಲಿಗೆ ಬೋರ್ಡು ನೇತಾಡುತ್ತಿರುವ ಮನೆಯಲ್ಲಿ ಕೂತು ಆಡುವ ಮಾತೇ ಇದು, ನೀವೇ ಹೇಳಿ.

ಇನ್ನು ಪ್ರಯೋಗದ ವಿಷಯ. ಪರದೇಶದ ವ್ಯವಹಾರವಾದರೆ, ನಮ್ಮೊಂದಿಗೆ ಗೋಡೆ ಹಂಚಿಕೊಂಡ ಮನೆಯೇ ಪರದೇಶ ಎಂಬುದು ಮೊದಲಿನಿಂದ ಬಂದ ಕ್ರಮ. ನಮ್ಮೊಂದಿಗೆ ಗೋಡೆ ಹಂಚಿಕೊಂಡಿರುವುದು ನನ್ನ ತವರುಮನೆ. ಹೌದು, ನಾನು ಹುಟ್ಟಿದ್ದು ಪಕ್ಕದ ಮನೆಯಲ್ಲೇ. ನನ್ನ ಮದುವೆಯ ದಿಬ್ಬಣ ಹನ್ನೊಂದು ಹೆಜ್ಜೆ ನಡೆದು ಮುಗಿದಿತ್ತು, ವಾಲಗದವರು ಒಂದು ಕೀರ್ತನೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಈಗ ಅಲ್ಲಿ ನನ್ನ ಅಣ್ಣ ಮಹದೇವ ಮತ್ತು ಅತ್ತಿಗೆ ಮರಿದೇವಮ್ಮ ಇದ್ದಾರೆ. ಅಣ್ಣ ಗಡಿಯಾರ ರಿಪೇರಿ ಮಾಡುತ್ತಾನೆ. ಒಂದು ಮಂಡಲ ಅವರೊಂದಿಗೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಮಾತಿಲ್ಲ. ಜೊತೆಗೆ ನಮ್ಮ ಮನೆಯ ಮಟ್ಟಿಗೆ ಹೊಳೆಯ ಸೇತುವೆಯೂ ಮುಚ್ಚಿದ ಹಾಗೇ ಲೆಕ್ಕ.

ಮೊದಲನೆಯ ದಿನವೇ ಮೊಸರು ಕೈಕೊಟ್ಟಿತು. ಇವರು ಊಟದ ಕೊನೆಗೆ ಮೊಸರಿನ ಪಾತ್ರೆ ಬಳಿದು ತಿನ್ನುವುದರಿಂದ ನಮ್ಮ ಮನೆಯಲ್ಲಿ ಹೆಪ್ಪಿಗೆಂದು ಒಂದು ಚಮಚವೂ ಉಳಿಯುವುದಿಲ್ಲ. ಬೆಳಗ್ಗೆ ಎದ್ದು ಹಿತ್ತಲ ಗೋಡೆಯ ಮೇಲೆ ಬಟ್ಟಲಿಟ್ಟರೆ ಅತ್ತಿಗೆ ಹೆಪ್ಪು ಹಾಕಿಕೊಡುವುದು ಇಪ್ಪತ್ತೆಂಟು ವರ್ಷದ ಪದ್ಧತಿ. ಕರಿಬೇವಿನ ಮರದ ಬುಡ ಅವರ ಹಿತ್ತಲಲ್ಲಿ, ಕೊಂಬೆ ನಮ್ಮ ಹಿತ್ತಲಲ್ಲಿ. ಕೊಂಬೆ ಯಾರ ದೇಶದ್ದು ಎಂದು ಇವರು ಎರಡು ದಿನ ಪುಸ್ತಕ ತಿರುವಿ, ಬುಡ ಎಲ್ಲಿದೆಯೋ ಅವರದೇ ಎಂದು ತೀರ್ಮಾನಿಸಿದರು. ಒಗ್ಗರಣೆಗೆ ಕರಿಬೇವು ಹೋಯಿತು. ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಅವರ ಗೋಡೆಯ ಮೊಳೆಯಲ್ಲಿತ್ತು, ಅದೂ ಹೋಯಿತು. ಹನ್ನೊಂದನೆಯ ದಿನ ಇವರ ಕನ್ನಡಕದ ತಿರುಪು ಬಿದ್ದು ಒಂದು ಕಡ್ಡಿ ಕಳಚಿಕೊಂಡಿತು. ಊರಲ್ಲಿ ಅಷ್ಟು ಸಣ್ಣ ತಿರುಪು ಹಾಕುವ ಕೈ ಇರುವುದು ನನ್ನ ಅಣ್ಣನೊಬ್ಬನಿಗೇ. ಇವರು ಕಡ್ಡಿಯ ಬದಲಿಗೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡು ಪ್ರಪಂಚದ ಆಗುಹೋಗು ಓದತೊಡಗಿದರು.

ಆದರೂ ದಿನಚರಿ ಬರೆಯುವುದು ನಿಲ್ಲಲಿಲ್ಲ. ದಿನಾ ಹತ್ತು ಗಂಟೆಗೆ ಸ್ಟೂಲು ಹತ್ತಿ, ಗೋಡೆಯ ಮೇಲಿಂದ ಇಣುಕಿ, ಆಚೆಯವರು ಎಷ್ಟು ಸೋತಿದ್ದಾರೆಂದು ನೋಡಿ, ಇಳಿದು ಬಂದು ಬರೆಯುತ್ತಿದ್ದರು. 'ಆಚೆ ಕಡೆಯ ಹೆಂಗಸು ಹಾಡು ಹೇಳಿಕೊಳ್ಳುತ್ತಿದ್ದಾರೆ. ಸಂಕಟ ಮುಚ್ಚಿಡುವ ಪ್ರಯತ್ನವಿರಬಹುದು.' 'ಆಚೆ ಕಡೆ ಇಂದು ಹೋಳಿಗೆ. ಕೊರತೆಯಿಲ್ಲವೆಂದು ತೋರಿಸಿಕೊಳ್ಳುವ ಹವಣಿಕೆ.' ಒಂದು ದಿನ ಅತ್ತಿಗೆ ತಲೆಯೆತ್ತಿ, "ಏನಣ್ಣ, ದಿನಾ ಏನು ನೋಡ್ತೀರಿ? ಹೋಳಿಗೆ ಬೇಕಾ?" ಎಂದು ಕೇಳಿದರು. ಇವರು ಮಾತಾಡುವ ಹಾಗಿಲ್ಲದ್ದರಿಂದ ಆಕಾಶ ನೋಡಿದರು. ಆ ದಿನದ ಬರಹದಲ್ಲಿ 'ಆಚೆಯವರಿಂದ ಸಂಧಾನದ ಮೊದಲ ಸೂಚನೆ' ಎಂದಿತ್ತು. ಸುಳ್ಳು ಬರೆಯದ ಮನುಷ್ಯ ತನಗೆ ಬೇಕಾದ ಹಾಗೆ ನೋಡುವುದನ್ನು ಕಲಿತುಬಿಟ್ಟರೆ ಏನು ಮಾಡುವುದು? ಹೀಗೇ ಹೋದರೆ ನಲವತ್ತೆಂಟನೆಯ ದಿನ ಇವರು ಪ್ರಯೋಗ ಯಶಸ್ವಿ ಎಂದು ಓದುತ್ತಾರೆ, ಅವತ್ತು ಸಂಜೆಯೇ ಸೇತುವೆ ಮುಚ್ಚುತ್ತದೆ, ನನ್ನ ಮಗಳು ಆಚೆಯೇ ಉಳಿಯುತ್ತಾಳೆ ಎಂದು ನಾನು ದಿನ ಎಣಿಸತೊಡಗಿದೆ.

ಇಪ್ಪತ್ತನೆಯ ದಿನ ಗುರುಬಸಪ್ಪನವರು ತಪಾಸಣೆಗೆ ಬಂದರು. ಜವರಯ್ಯ ಪಟ್ಟಿ ಹಿಡಿದು ಹಿಂದೆ ನಿಂತ. ಅಧ್ಯಕ್ಷರ ಕಣ್ಣು ಬಚ್ಚಲಮನೆಯ ತಾಮ್ರದ ಹಂಡೆಯ ಮೇಲೆ ಬಿತ್ತು. "ಇದು ಎಲ್ಲಿಂದ ಬಂದಿದ್ದು?" ಎಂದರು. ನಮ್ಮ ಮದುವೆಯಲ್ಲಿ ತವರಿನವರು ಕೊಟ್ಟದ್ದು ಎಂದೆ. ಜವರಯ್ಯ, ನಮ್ಮ ಯಜಮಾನರೇ ಪ್ರಯೋಗಕ್ಕೆಂದು ಬರೆದುಕೊಟ್ಟಿದ್ದ ಮೂರನೆಯ ನಿಯಮ ಓದಿದ: 'ಆಚೆ ಕಡೆಯಿಂದ ಬಂದ ಯಾವುದನ್ನೇ ಆಗಲಿ, ಅದು ಎಷ್ಟೇ ಹಳೆಯದಾಗಿರಲಿ, ಮನೆಯಲ್ಲಿಟ್ಟುಕೊಂಡು ಬಳಸತಕ್ಕದ್ದಲ್ಲ.' ಗುರುಬಸಪ್ಪನವರು, "ನಿಯಮ ಅಂದ್ಮೇಲೆ ನಿಯಮ, ಏನಂತೀರಿ?" ಎಂದು ಪ್ರಶ್ನೆಯಲ್ಲೇ ಹೇಳಿ ಹೊರಟುಹೋದರು.

ಹಂಡೆ ಜಗುಲಿಗೆ ಬಂತು. ಹಂಡೆಯ ಹಿಂದೆ ರುಬ್ಬುವ ಗುಂಡು, ಮಂಚ, ಎರಡು ಹಾಸಿಗೆ, ಗೋಡೆ ಗಡಿಯಾರ, ಒತ್ತು ಶ್ಯಾವಿಗೆಯ ಒರಳು, ದಾಕ್ಷಿ ಮಲಗಿದ್ದ ಮರದ ತೊಟ್ಟಿಲು. ಒಂದೊಂದೇ ಹೊರಗೆ ಹೋಗುತ್ತಿದ್ದ ಹಾಗೆ ಇವರ ಮುಖ ಬಿಳುಪೇರಿತು. ತಮ್ಮ ಮನೆಯಲ್ಲಿ ತಮ್ಮದೆಂದು ಉಳಿದದ್ದು ಮೂರು ಬೀರು ಪುಸ್ತಕ ಮತ್ತು ಒಂದು ಸ್ಟೂಲು ಎಂಬುದು ಇವರಿಗೆ ಅವತ್ತೇ ಗೊತ್ತಾದದ್ದು. ಚಾಪೆಯ ಮೇಲೆ ಮಲಗಿ ಸೊಂಟ ಹಿಡಿದುಕೊಂಡರೂ, 'ನಮ್ಮ ಕಡೆ ಕೊರತೆ ಅಲ್ಪ' ಎಂದೇ ಬರೆದರು.

ಮೂವತ್ತೊಂದನೆಯ ದಿನ ಬೆಳಗ್ಗೆ ಇವರು ಪಟ್ಟಿ ಹಿಡಿದು, ಆಚೆಯದು ಇನ್ನೇನಾದರೂ ಒಳಗೆ ಉಳಿದಿದೆಯೇ ಎಂದು ಮೂಲೆ ಮೂಲೆ ನೋಡುತ್ತಿದ್ದರು. ನಾನು ನಾಲ್ಕು ಸೀರೆಯನ್ನು ಚೀಲಕ್ಕೆ ತುರುಕಿಕೊಂಡು ಬಂದು ನಿಂತೆ.

"ಒಂದು ಉಳಿದಿದೆ, ಬರ್ಕೊಳ್ಳಿ" ಎಂದೆ.

"ಯಾವುದು?"

"ನಾನು."

ಇವರು ನಕ್ಕರು. ನಾನು ನಗಲಿಲ್ಲ. "ತಮಾಷೆ ಮಾಡ್ಬೇಡ. ಸರಕಿನ ಪಟ್ಟೀಲಿ ಹೆಂಡತಿ ಬರಲ್ಲ" ಎಂದರು.

"ಯಾವುದನ್ನೇ ಆಗಲಿ ಅಂತ ಬರೆದಿದೀರಿ. ಎಷ್ಟೇ ಹಳೇದಾಗಿರಲಿ ಅಂತಾನೂ ಬರೆದಿದೀರಿ. ಇಪ್ಪತ್ತೆಂಟು ವರ್ಷ ಹಳೇದು ನಾನು. ಒಲೆಗೆ ಕಟ್ಟಿ ನಿಲ್ಸಿರೋ ಹಂಡೆ ಹೋಯ್ತು, ನಾನ್ಯಾಕೆ ಇರ್ಬೇಕು? ಆಮೇಲೆ ಗುರುಬಸಪ್ಪನೋರು ಬಂದು ಕೇಳಿದ್ರೆ ನಿಮಗೇ ಅವಮಾನ."

ಹನ್ನೊಂದು ಹೆಜ್ಜೆ ನಡೆದು ತವರು ಸೇರಿಕೊಂಡೆ. ಅತ್ತಿಗೆ ಬಾಗಿಲಲ್ಲಿ ಚೀಲ ನೋಡಿ ಹೌಹಾರಿದರು. ವಿಷಯ ಹೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಅಕ್ಕಿರೊಟ್ಟಿ ತಟ್ಟಿಕೊಟ್ಟರು. ಅಣ್ಣ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ, "ಇದ್ಕೆಲ್ಲಾ ಭಾವನೋರು ಎಷ್ಟು ಓದಿರ್ಬೇಕು, ಅಲ್ವಾ ಚಂದ್ರೀ?" ಎಂದ. ಚಂದ್ರಮತಿ ಎಂಬ ನನ್ನ ಪೂರ್ತಿ ಹೆಸರು ಕರೆಯುವವರು ಈಗ ಯಾರೂ ಇಲ್ಲ.

ಗೋಡೆಯಾಚೆಯಿಂದ ಎರಡು ದಿನ ಸೀದ ವಾಸನೆ ಬಂತು, ಮೂರನೆಯ ದಿನ ಅದೂ ಬರಲಿಲ್ಲ. ಅತ್ತಿಗೆ ತಡೆಯಲಾರದೆ ಒಂದು ಬಟ್ಟಲು ಸಾರು ಗೋಡೆಯ ಮೇಲಿಡಲು ಹೋದರು. "ಬೇಡ ಅತ್ತಿಗೆ, ಪ್ರಯೋಗ ಕೆಡುತ್ತೆ. ಆಮೇಲೆ ಅದರಿಂದಲೇ ಹೀಗಾಯ್ತು ಅಂತಾರೆ" ಎಂದು ತಡೆದೆ. ತಡೆದದ್ದೇನೋ ನಿಜ, ಆದರೆ ಆ ಸಾರನ್ನು ನಾನೂ ಮುಟ್ಟಲಿಲ್ಲ, ಸುಳ್ಳೇಕೆ ಹೇಳಲಿ. ಆ ಮನುಷ್ಯನಿಗೆ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದೂ ಗೊತ್ತಿಲ್ಲ.

ನಾನು ಜಾಣತನ ಮಾಡಿದೆನೆಂದುಕೊಂಡಿದ್ದು ಮೂವತ್ತೊಂಬತ್ತನೆಯ ದಿನ ನನಗೇ ತಿರುಗಿತು. ದಿನಾ ಸೇತುವೆ ದಾಟಿ ಹೂವು ಮಾರಲು ಬರುವ ಹೆಂಗಸು ದಾಕ್ಷಿಯ ಅತ್ತೆಯ ಮಾತು ತಂದಿದ್ದಳು. "ಗಂಡನ ಜೊತೆ ಜಗಳ ಆಡ್ಕೊಂಡು ಬೀಗಿತ್ತಿ ತವರಿಗೆ ಹೋಗವ್ರಂತೆ, ಅಂಥ ಮನೆಗೆ ಬಸುರಿ ಹೆಣ್ಣನ್ನ ಹೆಂಗೆ ಕಳ್ಸೋದು ಅಂದ್ರು. ಬೀಗರೇ ಖುದ್ದಾಗಿ ಬಂದು ಕರ್ಕೊಂಡು ಹೋದ್ರೆ ಸೈ, ಇಲ್ದಿದ್ರೆ ಇಲ್ಲೇ ಹೆರಿಗೆ ಅಂದ್ರು. ನಿಮ್ಮ ಮಗಳು, ಮೆಣಸಿನ ಸಾರು ಮಾಡೋಕೆ ಅಮ್ಮಂಗೆ ಹೇಳು ಅಂದ್ಲು ಅಷ್ಟೇ" ಎಂದಳು.

ಇವರ ಹಮ್ಮು ಮುರಿಯಲು ಹೋಗಿ ಮಗಳ ದಾರಿಗೆ ನಾನೇ ಅಡ್ಡ ಬಿದ್ದಿದ್ದೆ. ಹಿತ್ತಲಿಗೆ ಹೋಗಿ, ಗೋಡೆಗೆ ಕೇಳುವ ಹಾಗೆ, ಅತ್ತಿಗೆಗೆ ಹೇಳುವವಳಂತೆ ಅಷ್ಟನ್ನೂ ಹೇಳಿದೆ. ಗೋಡೆಯಾಚೆ ಸ್ಟೂಲು ಕಿರುಗುಟ್ಟಿತು. ಮರುದಿನ ಬೆಳಗ್ಗೆ ಕಿಟಕಿಯಿಂದ ನೋಡಿದೆ. ಇವರು ಜಗುಲಿಯ ಮೇಲೆ ಸಾಮಾನುಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಹೆಗಲ ಟವೆಲಿನಿಂದ ತೊಟ್ಟಿಲಿನ ಧೂಳು ಒರೆಸುತ್ತಿದ್ದರು. ಅದಾದ ಮೇಲೆ ಪ್ರತಿ ಬೆಳಗ್ಗೆಯೂ ಒರೆಸಿದರು.

ನಲವತ್ತೆಂಟನೆಯ ದಿನ ನಮ್ಮ ಮನೆಯ ಮುಂದೆ ಊರು ನೆರೆಯಿತು. ಗುರುಬಸಪ್ಪನವರಿಗೆ ಕುರ್ಚಿ, ಸಭೆಯವರಿಗೆ ಬೆಂಚು, ಮಿಕ್ಕವರಿಗೆ ಬೀದಿ. ನಾನು ತವರಿನ ಜಗುಲಿಯಲ್ಲಿ ಅತ್ತಿಗೆಯ ಕೈ ಹಿಡಿದು ನಿಂತೆ. ಇವರು ಹೊಸ ಬೂದು ಕೋಟು ಹಾಕಿಕೊಂಡು ಹೊರಗೆ ಬಂದರು. ಕೋಟು ಅಳತೆ ಕೊಟ್ಟ ದಿನದ ಮೈಗೆ ಹೊಲಿದದ್ದು, ಈಗಿನ ಮೈಗೆ ಹೆಗಲಿನಿಂದ ಜಾರುತ್ತಿತ್ತು. ಕಿವಿಯಲ್ಲಿ ದಾರ. ಜವರಯ್ಯನ ಕಡೆ ಒಮ್ಮೆ, ತೊಟ್ಟಿಲಿನ ಕಡೆ ಒಮ್ಮೆ ನೋಡಿ ಓದತೊಡಗಿದರು.

"ಮೊದಲ ಮೂವತ್ತು ದಿನ ನಾನು ಬರೆದದ್ದು ನೋಡಿದ್ದನ್ನಲ್ಲ, ಅಂದುಕೊಂಡಿದ್ದನ್ನು. ಅದನ್ನು ಹೊಡೆದು ಹಾಕಿದ್ದೇನೆ. ಮೂವತ್ತೊಂದನೆಯ ದಿನ: ಆಚೆ ಕಡೆಗೆ ಒಬ್ಬರು ಹೋದರು. ಮೂವತ್ತೆರಡನೆಯ ದಿನ: ಸಾರಿಗೆ ಉಪ್ಪು ಎರಡು ಸಲ ಬಿತ್ತು. ಮೂವತ್ತಮೂರು: ಉಪ್ಪು ಬೀಳಲೇ ಇಲ್ಲ. ಮೂವತ್ತನಾಲ್ಕು: ಸಾರು ಇಲ್ಲ." ಜನ ಕಿಸಕ್ಕನೆ ನಕ್ಕರು. ಇವರು ತಲೆಯೆತ್ತದೆ ಮುಂದುವರಿಸಿದರು. "ಯಾರಿಗೆ ಹೆಚ್ಚು ಬೇಕೋ ಅವರು ಮೊದಲು ಸೋಲುತ್ತಾರೆ ಎಂದು ನಾನು ಹೇಳಿದ್ದು ಸರಿಯಾಗಿಯೇ ಇದೆ. ಯಾರಿಗೆ ಹೆಚ್ಚು ಬೇಕು ಎಂಬುದನ್ನು ಮಾತ್ರ ನಾನು ಮೊದಲು ನೋಡಿಕೊಂಡಿರಲಿಲ್ಲ. ಪ್ರಯೋಗ ವಿಫಲ." ದಿನಚರಿ ಮುಚ್ಚಿ ಕೂತುಬಿಟ್ಟರು.

ನನ್ನ ಕಣ್ಣು ತುಂಬಿತು. ಅತ್ತಿಗೆ ನನ್ನ ಕೈ ಅಮುಕಿದರು. ಆದರೆ ಗುರುಬಸಪ್ಪನವರು ಅಷ್ಟಕ್ಕೆ ಬಿಡುವವರೇ? ಕುರ್ಚಿಯಿಂದ ಮುಂದಕ್ಕೆ ಬಾಗಿ, "ಒಬ್ಬರ ಮನೇಲಿ ಆಗಲಿಲ್ಲ ಅಂದ್ರೆ ಯಾರ ಮನೇಲೂ ಆಗಲ್ವಾ? ನಮ್ಮ ಹಿಟ್ಟಿನ ಗಿರಣಿ ರುದ್ರಪ್ಪನೋರೂ ಸೇತುವೆ ಮುಚ್ಬೇಕು ಅಂತ ಇಬ್ಬರ ಮುಂದೆ ಹೇಳಿದಾರೆ. ಅವರಿಗೂ ಪಕ್ಕದ ಮನೆಯೋರಿಗೂ ಹನ್ನೆರಡು ವರ್ಷದಿಂದ ಮಾತಿಲ್ಲ, ಕಥೆ ಇಲ್ಲ, ಕೊಡೋದಿಲ್ಲ, ತಗೊಳ್ಳೋದಿಲ್ಲ. ನಲವತ್ತೆಂಟು ದಿನ ಏನು, ಹನ್ನೆರಡು ವರ್ಷದ ಪ್ರಯೋಗ ಆಗಲೇ ಮುಗಿದಿದೆ. ಮನೇಲಿ ಎಲ್ಲಾ ಸುಖವಾಗಿದಾರೆ. ಈಗ್ಲೇ ಠರಾವು ಮಾಡ್ಬಹುದಲ್ವಾ?" ಎಂದರು. ರುದ್ರಪ್ಪ ಬೆಂಚಿನಿಂದ ಎದ್ದು, ಮೈಮೇಲಿನ ಹಿಟ್ಟು ಕೊಡವಿಕೊಂಡು ಕೈಮುಗಿದರು.

ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೆರಡು ವರ್ಷ ಎಂದರೆ ಸಣ್ಣ ಮಾತೇ? ಒಬ್ಬೊಬ್ಬರೇ ತಲೆಯಾಡಿಸತೊಡಗಿದರು. ಜವರಯ್ಯ ಠರಾವಿನ ಪುಸ್ತಕ ಬಿಚ್ಚಿದ. ನಮ್ಮ ಯಜಮಾನರು ಏಳಲು ಹೋದರು, ಆದರೆ ಸೋತ ತಜ್ಞರಿಗೆ ಅವತ್ತು ಮತ್ತೆ ಮಾತಿಲ್ಲ ಎಂಬುದು ನಿಯಮ. ನನಗೆ ಆ ಹಂಗಿರಲಿಲ್ಲ. ಅತ್ತಿಗೆಯ ಕೈ ಬಿಡಿಸಿಕೊಂಡು ಬೀದಿಗಿಳಿದೆ.

"ರುದ್ರಪ್ಪನೋರೇ, ಒಂದು ಕೇಳ್ಲಾ?" ಎಂದೆ.

"ಕೇಳಿ ತಾಯಿ."

"ಹನ್ನೆರಡು ವರ್ಷ ಆಯ್ತಲ್ಲ, ಪಕ್ಕದ ಮನೆಯೋರು ಸೋತು ಬಂದ್ರಾ?"

ರುದ್ರಪ್ಪ ಒಂದು ಗಳಿಗೆ ಯೋಚಿಸಿದರು. "ಇನ್ನೂ ಇಲ್ಲ" ಎಂದರು. ಆಮೇಲೆ ನಂಬಿಕೆ ಬಿಡದೆ, "ಬರ್ತಾರೆ" ಎಂದರು.

ಬೀದಿಗೆ ಬೀದಿಯೇ ನಕ್ಕಿತು. ರುದ್ರಪ್ಪನವರ ಪಕ್ಕದ ಮನೆಯವರೂ ಅಲ್ಲೇ ನಿಂತಿದ್ದರು, ಅವರೂ ನಕ್ಕರು, ಅವರು ನಕ್ಕದ್ದನ್ನು ಕಂಡು ರುದ್ರಪ್ಪನವರಿಗೂ ನಗು ತಡೆಯಲಾಗಲಿಲ್ಲ. ಹನ್ನೆರಡು ವರ್ಷದಲ್ಲಿ ಆ ಎರಡು ಮನೆಯ ನಡುವೆ ಆದ ಮೊದಲ ಕೊಡುಕೊಳ್ಳುವಿಕೆ ಅದೇ ಇರಬೇಕು. ಗುರುಬಸಪ್ಪನವರು ಕುರ್ಚಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಅಲುಗಾಡಿ, ಕೊನೆಗೆ, "ಹಾಗಾದ್ರೆ ಕಂಬಿಗೆ ಯಾವ ಬಣ್ಣ ಹೊಡ್ಸೋದು, ಯಾರಿಗಾದ್ರೂ ಗೊತ್ತಾ?" ಎಂದು ಕೇಳಿದರು. ಸಭೆ ಚದುರಿತು. ಜವರಯ್ಯ ನಮ್ಮ ಬಾಗಿಲಿನ ಬೋರ್ಡು ಬಿಚ್ಚಿಕೊಂಡು, ನನ್ನ ತವರಿನ ಬಾಗಿಲಿಗೆ ಮೊಳೆ ಇದೆಯೇ ಎಂದು ಕಣ್ಣು ಹಾಯಿಸಿದ. "ನಾನು ಕೇಳಿದ್ದು ಪ್ರಶ್ನೆ ಕಣೋ ಜವರಯ್ಯ" ಎಂದೆ. ಅವನು ಬೋರ್ಡು ಕಂಕುಳಲ್ಲಿಟ್ಟುಕೊಂಡು ಹೊರಟ.

ಎಲ್ಲರೂ ಹೋದ ಮೇಲೆ ಇವರು ಹನ್ನೊಂದು ಹೆಜ್ಜೆ ನಡೆದು ತವರಿನ ಬಾಗಿಲಿಗೆ ಬಂದರು. ಮದುವೆಯ ದಿನ ಬಂದು ನಿಂತ ಹಾಗೇ ನಿಂತರು, ಕೋಟು ಮಾತ್ರ ದೊಡ್ಡದು. "ಬಾರೇ. ಉಪ್ಪಿನ ಡಬ್ಬಿ ಎಲ್ಲಿಟ್ಟಿದೀಯೋ ಇವತ್ತಿಗೂ ಸಿಕ್ಕಿಲ್ಲ" ಎಂದರು. ಇನ್ನೇನೋ ಹೇಳಲು ಹೋಗಿ ಬಾಯಿ ಮುಚ್ಚಿದರು. ಇಪ್ಪತ್ತೆಂಟು ವರ್ಷದಲ್ಲಿ ಇವರು ಹೇಳಬೇಕೆಂದಿದ್ದನ್ನು ಹೇಳದೆ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. "ಉಪ್ಪು ಆಮೇಲೆ. ಮೊದಲು ಹೊಳೆ ದಾಟೋಣ ನಡೀರಿ" ಎಂದೆ. ಅಣ್ಣ ಕನ್ನಡಕಕ್ಕೆ ತಿರುಪು ಹಾಕಿಕೊಡುತ್ತೇನೆಂದ, ಇವರು ನಿಲ್ಲಲಿಲ್ಲ, ಬಂದ ಮೇಲೆ ಎಂದರು.

ಮಧ್ಯಾಹ್ನದ ಬಿಸಿಲಲ್ಲಿ ಸೇತುವೆ ಹತ್ತಿದೆವು. ಇವರು ಈ ಸೇತುವೆ ದಾಟಿ ಯಾವ ಕಾಲವಾಗಿತ್ತೋ. ಮಗಳ ಮದುವೆಯ ಮಾತುಕತೆಗೂ ಆಚೆಯವರೇ ಇತ್ತ ಬಂದಿದ್ದರು. ಆಚೆ ತುದಿಯಲ್ಲಿ ಒಂದು ಅಡ್ಡಗಂಬ, ಅದರ ಪಕ್ಕ ಮೇಜು, ಮೇಜಿನ ಹಿಂದೆ ರಿಜಿಸ್ಟರು ಬಿಚ್ಚಿಕೊಂಡು ಕೂತ ಒಬ್ಬ ಕಾವಲುಗಾರ. ಅವನು ತಲೆಯೆತ್ತದೆ ಹೆಸರು ಕೇಳಿದ, ಇವರು ಹೇಳಿದರು. ಏನು ಕೆಲಸ ಎಂದ. ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಹೋಗಬೇಕು ಎಂದರು. ಅವನು ಅದನ್ನೂ ಬರೆದುಕೊಂಡು, "ಎಲ್ಲಿಯೋರು?" ಎಂದು ಕೇಳಿದ.

ಇವರು ಹಿಂದಕ್ಕೆ ತಿರುಗಿ, ದಾರ ಕಟ್ಟಿದ ಕನ್ನಡಕವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು, ಹೊಳೆಯಾಚೆಗಿದ್ದ ನಮ್ಮೂರನ್ನು ನೋಡಿದರು. ನೀರಿನ ಆ ಬದಿಗೆ ಗಿರಣಿಯ ತಗಡು, ಸಭೆಯ ಕಟ್ಟಡ, ನಮ್ಮ ಕರಿಬೇವಿನ ಮರದ ತುದಿ ಕಾಣುತ್ತಿದ್ದವು. ಬಹಳ ಹೊತ್ತು ನೋಡಿದರು.

"ಎದುರು ದಡದೋರು" ಎಂದರು.

ಕಾವಲುಗಾರ ಹಾಗೇ ಬರೆದುಕೊಂಡು ಅಡ್ಡಗಂಬ ಎತ್ತಿದ.